ನೀರಿನ ಗೆರೆಗಿಂತ ಮೇಲೆ

ಅವರ ಬಲಗೈ ಹೆಬ್ಬೆರಳು ನೀಲಿಯಾಗಿತ್ತು. ಪೂರ್ತಿ ನೀಲಿಯಲ್ಲ, ಹಸಿರು ಬೆರೆತ ಮಾಸಲು ನೀಲಿ. ಮೈದಾ ಅಂಟು ಕುದಿಸುವಾಗ ಹುಳ ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತು ಹಾಕುತ್ತಿದ್ದರು. ಆ ಅಂಟನ್ನು ನಲವತ್ತು ವರ್ಷ ಬ್ರಶ್ಶಿಗಿಂತ ಹೆಚ್ಚಾಗಿ ಹೆಬ್ಬೆರಳಿನಿಂದಲೇ ಸವರಿದ್ದರಿಂದ ಬಣ್ಣ ಉಗುರಿನ ಬುಡಕ್ಕೆ ಇಳಿದಿತ್ತು. ಎದುರಿಗೆ ಕುಳಿತವನು ಮಾತಾಡುತ್ತಿರುವಾಗ ಬೆರಳ ಮೇಲೆ ಒಣಗಿದ ಅಂಟನ್ನು ಮೀನಿನ ಹುರುಪೆ ತೆಗೆದಂತೆ ಕೆರೆದು ಕೆಡವುತ್ತಿದ್ದರು. ಒಂದು ಹುರುಪೆ ಬಿತ್ತೆಂದರೆ ಎದುರಿನವನ ಮಾತು ಅವರು ನಂಬಲಿಲ್ಲವೆಂದು ಅರ್ಥ. ನಾನು ಹೋದ ದಿನ ಬೆಂಚಿನ ಕೆಳಗೆ ಬಹಳ ಗುಡಿಸಬೇಕಾಗುತ್ತಿತ್ತು.

ಉಡುಪಿಯ ಸಿಟಿ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಪುಸ್ತಕ ಬೈಂಡಿಂಗಿನ ಅಂಗಡಿ. ದಿನಾ ಬೆಳಿಗ್ಗೆ ಕಾಪುವಿನಿಂದ ಬಸ್ಸಿನಲ್ಲಿ ಬರುತ್ತಿದ್ದ ಬ್ಯಾರಿ ಮನುಷ್ಯ. ನಮಗೆಲ್ಲ ಅವರು ಸಾಹೇಬರು. ಬಾಗಿಲ ಮೇಲಿನ ತಗಡಿನ ಬೋರ್ಡಿನಲ್ಲಿ 'ಬ್ರದರ್ಸ್ ಬೈಂಡಿಂಗ್ ವರ್ಕ್ಸ್' ಎಂದಿತ್ತು. ಒಳಗೆ ಎರಡು ಸ್ಟೂಲು, ಮೊಳೆಗೆ ತೂಗುಹಾಕಿದ ಎರಡು ಏಪ್ರನ್ನು, ಹತ್ತು ಗಂಟೆಗೆ ಎರಡು ಗ್ಲಾಸು ಚಹಾ. ಬ್ರದರ್ ಮಾತ್ರ ಒಬ್ಬರೇ. ಇನ್ನೊಬ್ಬರು ಎಲ್ಲಿ ಎಂದು ಕೇಳಲು ನನಗೆ ಬಾಯಿ ಬರಲಿಲ್ಲ. ನನಗೆ ಬಾಯಿ ಬರಲಿಲ್ಲ ಎಂದರೆ ನನ್ನನ್ನು ಬಲ್ಲವರು ಡಾಕ್ಟರಿಗೆ ತೋರಿಸು ಎನ್ನುತ್ತಾರೆ.

ಏಕೆಂದರೆ ನಾನು ಮಿಮಿಕ್ರಿಯವನು. ಹಗಲಿಗೆ ಮಣಿಪಾಲದಲ್ಲಿ ಮೊಬೈಲ್ ಅಂಗಡಿಯ ಕೆಲಸ, ಉಳಿದ ಹೊತ್ತು ನಮ್ಮೂರು ಅಂಬಲಪಾಡಿಯ ಯಾರನ್ನೂ ನೆಮ್ಮದಿಯಿಂದ ಮಾತಾಡಲು ಬಿಡದಿರುವ ಕೆಲಸ. ಮಲ್ಪೆಯಲ್ಲಿ ಮೀನು ಏಲಂ ಕೂಗುವವರು, ಮೈಕಿನಲ್ಲಿ ಕಾರಿನ ನಂಬರು ಹೇಳಿ ಬದಿಗೆ ತೆಗೆಯಿರಿ ಎನ್ನುವವರು, ನಮ್ಮ ಮನೆಯ ಕುಕ್ಕರು, ಎಲ್ಲವೂ ನನಗೆ ಬರುತ್ತದೆ. ಎಲ್ಲಕ್ಕಿಂತ ಚೆನ್ನಾಗಿ ಬರುವುದು ನನ್ನ ಅಣ್ಣ. ಅವನು ಉಡುಪಿ–ಕಾರ್ಕಳ ಬಸ್ಸಿನ ಕಂಡಕ್ಟರ್. 'ಪರ್ಕಳ, ಹಿರಿಯಡ್ಕ, ಬೈಲೂರು, ಕಾರ್ಕಾಳಾ! ಮುಂದೆ ಹೋಗಿ ಮುಂದೆ ಹೋಗಿ, ಮುಂದೆ ಎಂತ ಹುಲಿ ಉಂಟಾ?' ಇಷ್ಟು ಮಾಡಿದರೆ ಸಾಕು, ಯಾವ ಮದುವೆಯ ಸಭಾಂಗಣವಾದರೂ ನನ್ನದು.

ಸಾಹೇಬರ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋದದ್ದು ಜಪಾನಿನ ಮಂಗಾ, ಎಂದರೆ ಚಿತ್ರಕಥೆಯ ಪುಸ್ತಕ. ಅಣ್ಣನ ಬಾಯಲ್ಲಿ 'ಮಂಗಗಳ ಪುಸ್ತಕ'. ನಾವು ಏಳು ಜನ ಅಭಿಮಾನಿಗಳು: ಮಣಿಪಾಲದಲ್ಲಿ ಓದುವ ಮೂವರು, ಪರ್ಕಳದ ಬಾಡಿಗೆ ರೂಮಿನ ಇಬ್ಬರು, ನಾನು, ಮತ್ತು ಕಾರ್ಕಳದ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವ ಮೇಡಂ. ಏಳು ಜನರಿಗೂ ಸೇರಿ ಒಂದೇ ಸೆಟ್ಟು, ಹದಿಮೂರು ಸಂಪುಟ. ಹದಿನಾಲ್ಕನೆಯದೇ ಕೊನೆಯದು, ಅದು ಇನ್ನೂ ಬಂದಿರಲಿಲ್ಲ. ಉಡುಪಿಯಿಂದ ಕಾರ್ಕಳಕ್ಕೆ ಪುಸ್ತಕ ಹೋಗುತ್ತಿದ್ದದ್ದು ಅಣ್ಣನ ಬಸ್ಸಿನಲ್ಲಿ, ಮಲ್ಲಿಗೆ ಹೂವಿನ ಕಟ್ಟು, ಯಾರದೋ ಔಷಧದ ಪೊಟ್ಟಣಗಳ ಜೊತೆ. ಕಾರ್ಕಳದ ನಿಲ್ದಾಣದಲ್ಲಿ ಮೇಡಂ ಕೈ ಚಾಚಿದರೆ ಅಣ್ಣ ಕೊಟ್ಟುಬಿಡುತ್ತಿದ್ದ.

ಏಳು ಜನರ ಕೈ ದಾಟಿದ ಪುಸ್ತಕ ಬಿಚ್ಚಿಕೊಳ್ಳದೆ ಇರುತ್ತದೆಯೇ? ಮೊದಲ ಸಲ ಬೇರೊಂದು ಕಡೆ ರಟ್ಟು ಹಾಕಲು ಕೊಟ್ಟೆವು. ಮಂಗಾ ಓದುವುದು ಬಲಗಡೆಯಿಂದ ಎಂದು ಅವರಿಗೆ ಗೊತ್ತಿರಲಿಲ್ಲ. ಮುಖಪುಟವನ್ನು ಕೊನೆಯ ಪುಟಕ್ಕೆ ಅಂಟಿಸಿಕೊಟ್ಟಿದ್ದರು. ಪುಸ್ತಕ ತೆರೆದರೆ ಮೊದಲನೆಯ ಪುಟದಲ್ಲೇ ವಿಲನ್ ಸತ್ತುಬಿದ್ದಿದ್ದ. ಅದನ್ನು ಹಿಡಿದುಕೊಂಡು ಸಾಹೇಬರ ಬಳಿ ಬಂದೆ. ಅವರು ಒಮ್ಮೆ ತಿರುಗಿಸಿ ನೋಡಿ, ಬಲಗಡೆಯಿಂದ ತೆರೆದರು.

"ಇದು ಹೀಗಲ್ವಾ?"

"ನಿಮಗೆ ಹೇಗೆ ಗೊತ್ತು ಸಾಹೇಬ್ರೇ?"

"ನಾನು ಅಕ್ಷರ ಕಲಿತದ್ದೇ ಬಲದಿಂದ ಮಾರಾಯ, ಮದ್ರಸದಲ್ಲಿ. ಎಡದಿಂದ ಓದುವುದು ಆಮೇಲೆ ಶಾಲೆಯವರು ಹೊಡೆದು ಕಲಿಸಿದ್ದು."

ಅವರಿಗೆ ಇಂಗ್ಲಿಷ್ ಬರುತ್ತಿರಲಿಲ್ಲ, ಆದರೆ ಒಂದು ಹಟ ಇತ್ತು. ಒಳಗೆ ಎಂತ ಉಂಟು ಎಂದು ತಿಳಿಯದೆ ಯಾವ ಪುಸ್ತಕಕ್ಕೂ ಸೂಜಿ ಹಾಕುತ್ತಿರಲಿಲ್ಲ. ಪ್ರಾಜೆಕ್ಟ್ ರಿಪೋರ್ಟು ತಂದ ಇಂಜಿನಿಯರಿಂಗ್ ಹುಡುಗನನ್ನು ಕೂರಿಸಿ, "ನಿನ್ನ ಸೇತುವೆ ಬೀಳುವುದಿಲ್ಲ ಅಲ್ವಾ?" ಎಂದು ಕೇಳಿದ್ದನ್ನು ನಾನೇ ನೋಡಿದ್ದೇನೆ. ಹುಡುಗ ಇಂಟರ್‌ನೆಟ್ಟಿನಿಂದ ಎತ್ತಿದ ಸೇತುವೆ ಅದು. ನನಗೂ ಅದೇ ಷರತ್ತು. ಅವರು ಹೊಲಿಯುವಾಗ ನಾನು ಎರಡನೆಯ ಸ್ಟೂಲಿನಲ್ಲಿ ಕುಳಿತು, ಎರಡನೆಯ ಗ್ಲಾಸಿನ ಚಹಾ ಕುಡಿಯುತ್ತಾ, ಪ್ರತಿ ಪುಟವನ್ನೂ ಸ್ವರ ಬದಲಿಸಿ ಕನ್ನಡದಲ್ಲಿ ಆಡಿ ತೋರಿಸಬೇಕು. ಎರಡು ವರ್ಷ ಹೀಗೆ ನಡೆಯಿತು. ನನ್ನ ಜೀವನದಲ್ಲಿ ಅಷ್ಟು ಒಳ್ಳೆಯ ಪ್ರೇಕ್ಷಕರು ಬೇರೆ ಸಿಕ್ಕಿಲ್ಲ. ನಗಬೇಕಾದ ಕಡೆ ನಗುತ್ತಿರಲಿಲ್ಲ ಎಂಬುದೊಂದೇ ಕೊರತೆ.

ಕಥೆ ಇಷ್ಟು. ಒಂದು ದ್ವೀಪದಲ್ಲಿ ದೋಣಿ ಕಟ್ಟುವ ಅಣ್ಣ ಮತ್ತು ತಮ್ಮ. ದಂಡಿನ ಹಡಗುಗಳು ಯುದ್ಧಕ್ಕೆ ಹೊರಡುತ್ತವೆ. ತಮ್ಮನಿಗೂ ಹೋಗುವ ಹುಚ್ಚು. ಇಬ್ಬರೂ ಸೇರಿ ಕಟ್ಟಿದ ದೋಣಿಯಲ್ಲಿ ಮರುದಿನ ಹಡಗು ಸೇರಿಕೊಳ್ಳಬೇಕು. ಏಳನೆಯ ಸಂಪುಟದಲ್ಲಿ, ಹೊರಡುವ ಬೆಳಿಗ್ಗೆ, ಅಣ್ಣ ಕೊಡಲಿ ತಂದು ಆ ದೋಣಿಯ ಹಲಗೆ ಒಡೆಯುತ್ತಾನೆ. ತಮ್ಮ ಓಡಿಬಂದು "ಯಾಕೆ?" ಎನ್ನುತ್ತಾನೆ. ಅಣ್ಣನ ಕಣ್ಣು ಕೂದಲಿನಿಂದ ಮುಚ್ಚಿದೆ. ಬಾಯಿಯ ಪಕ್ಕ ಮಾತಿನ ಗುಳ್ಳೆ ಬರೆದಿದ್ದಾರೆ, ಆದರೆ ಒಳಗೆ ಒಂದಕ್ಷರವೂ ಇಲ್ಲ. ಖಾಲಿ ಗುಳ್ಳೆ. ಮುಂದಿನ ಪುಟದಲ್ಲಿ ಅಣ್ಣ ಊರು ಬಿಟ್ಟಿರುತ್ತಾನೆ.

ಆ ಖಾಲಿ ಗುಳ್ಳೆಯೊಳಗೆ ನಾವು ಏಳು ಜನ ಜಿಗಿದು ಮುಳುಗಿದೆವು. ಮೇಡಂ ಪಕ್ಷದವರಿಗೆ ಅಣ್ಣ ದೇವರು: ತಮ್ಮನ ಜೀವ ಉಳಿಸಲು ತಾನು ಕೆಟ್ಟವನಾದ. ನನ್ನ ಪಕ್ಷಕ್ಕೆ ಅಣ್ಣ ದುಷ್ಟ: ತಮ್ಮ ತನ್ನನ್ನು ಮೀರುವುದನ್ನು ಅವನಿಗೆ ಸಹಿಸಲಾಗಲಿಲ್ಲ. ಇಂಟರ್‌ನೆಟ್ಟಿನಲ್ಲಿ ಮೂರನೆಯ ಪಂಗಡವೂ ಇತ್ತು. ಅಣ್ಣತಮ್ಮ ಎನ್ನುವುದು ಬರೀ ಹೊರಗಿನ ಹೆಸರು, ಒಳಗಿರುವುದು ಬೇರೆಯೇ ಪ್ರೀತಿ ಎಂದು ಚಿತ್ರ ಬರೆದು ಹಾಕುವವರು. ಇದನ್ನು ಸಾಹೇಬರಿಗೆ ಅಂಜುತ್ತಲೇ ಹೇಳಿದ್ದೆ. ಅವರು ದಾರ ಹಲ್ಲಿನಲ್ಲಿ ಕಚ್ಚಿ, "ಅರ್ಥ ಆಗದ್ದಕ್ಕೆ ಬೇರೆ ಹೆಸರಿಟ್ಟು ನೋಡುತ್ತಾರೆ. ಹೆಸರು ಬದಲಿಸಿದರೆ ಗುಳ್ಳೆ ತುಂಬುತ್ತದಾ?" ಎಂದಿದ್ದರು.

ನಾನು ದುಷ್ಟ ಪಕ್ಷ ಸೇರಲು ಕಾರಣ ಬೇರೆ ಇತ್ತು, ಅದನ್ನು ಯಾರಿಗೂ ಹೇಳಿರಲಿಲ್ಲ. ಹಿಂದೊಮ್ಮೆ ಬೊಂಬಾಯಿಯ ಒಂದು ಹಾಸ್ಯ ತಂಡದ ಜೊತೆ ಆರು ತಿಂಗಳ ತಿರುಗಾಟಕ್ಕೆ ಹೊರಟಿದ್ದೆ. ಮಧ್ಯಾಹ್ನದ ರೈಲು. ಬೆಳಿಗ್ಗೆ ಎದ್ದರೆ ನನ್ನ ಬ್ಯಾಗಿಲ್ಲ. ಟಿಕೆಟು, ಕಾಗದಪತ್ರ ಎಲ್ಲ ಅದರಲ್ಲಿ. ಅಣ್ಣ ಅದನ್ನು ತನ್ನ ಬಸ್ಸಿಗೆ ಹಾಕಿಕೊಂಡು ಹೋಗಿದ್ದ, ಫೋನು ಎತ್ತಲಿಲ್ಲ. ಆ ದಿನ ನನ್ನ ಬ್ಯಾಗು ನಾಲ್ಕು ಸಲ ಕಾರ್ಕಳ ನೋಡಿ ಬಂತು, ನಾನು ಮನೆಯ ಗೇಟಿನ ಬಳಿ ಕುಳಿತು ರೈಲಿನ ಸದ್ದು ಕೇಳಿದೆ. ಸಂಜೆ ಬ್ಯಾಗು ಮನೆಗೆ ಬಂದಾಗ ಮಡಚಿದ ಬಟ್ಟೆ ಹಾಗೇ ಇತ್ತು, ಮೇಲೊಂದು ಪೊಟ್ಟಣದಲ್ಲಿ ನಾಲ್ಕು ಬನ್ಸ್. "ಯಾಕೆ?" ಎಂದು ಕೇಳಿದೆ. ಅಣ್ಣ ಕೈಕಾಲು ತೊಳೆಯಲು ಹೋದ. ತಂಡ ಬೇರೊಬ್ಬನನ್ನು ಕರೆದುಕೊಂಡು ಹೋಯಿತು. ಅಂದಿನಿಂದ ನಮ್ಮಿಬ್ಬರ ಸಂಭಾಷಣೆ ಎರಡೇ ವಾಕ್ಯ. ಅವನದು 'ಊಟ ಆಯ್ತಾ', ನನ್ನದು 'ಈ ಪಾರ್ಸೆಲ್ ಕೊಡು'.

ಹೀಗಿರುವಾಗ ಏಳನೆಯ ಸಂಪುಟ ಸರಿಯಾಗಿ ಆ ಖಾಲಿ ಗುಳ್ಳೆಯ ಪುಟದಲ್ಲೇ ಬೆನ್ನು ಮುರಿದುಕೊಂಡಿತು. ಎಲ್ಲರೂ ಅಲ್ಲೇ ಒತ್ತಿ ತೆರೆದು ಜಗಳಾಡಿದ ಫಲ. ಅದೇ ಶನಿವಾರ ಪರ್ಕಳದ ರೂಮಿನಲ್ಲಿ ಮಾತಿಗೆ ಮಾತು ಬೆಳೆಯಿತು.

"ನಿಮಗೆ ಅಣ್ಣಂದಿರ ಬಗ್ಗೆ ಎಂತದೋ ರೋಗ ಉಂಟು" ಎಂದರು ಮೇಡಂ ನನಗೆ.

"ನಿಮಗೆ ಅಣ್ಣನೇ ಇಲ್ಲ, ಅದಕ್ಕೆ ಪೂಜೆ ಮಾಡುವುದು" ಎಂದೆ ನಾನು.

"ಪುಸ್ತಕದೊಳಗೆ ಬಸ್ ಟಿಕೆಟ್ ಗುರುತು ಇಟ್ಟು ಹಾಳು ಮಾಡುವವರಿಂದ ನಾನು ಕಲಿಯಬೇಕಾ?"

"ಟಿಕೆಟ್ ಇಡುವುದು ನೀವು! ಕಾರ್ಕಳದಿಂದ ವಾಪಸು ಬಂದಾಗಲೇ ಇರುವುದು!"

ಪಾಲು ಆಗಲಿ ಎಂದು ತೀರ್ಮಾನವಾಯಿತು. ಒಂದರಿಂದ ಆರು ಅವರಿಗೆ, ಎಂಟರಿಂದ ಹದಿಮೂರು ನಮಗೆ. ಏಳನೆಯದು ಇಬ್ಬರಿಗೂ ಬೇಕು. ಹೇಗೂ ಮುರಿದಿದೆಯಲ್ಲ, ಎರಡು ಹೋಳು ಮಾಡಿ ಬೇರೆ ಬೇರೆ ರಟ್ಟು ಹಾಕಿಸುವುದು. ಹಿರಿಯರ ಗದ್ದೆಗೆ ನಡುವೆ ಬೇಲಿ ಹಾಕುತ್ತಾರಲ್ಲ, ಹಾಗೆ. ಅಣ್ಣತಮ್ಮಂದಿರ ಕಥೆ ಓದಿ ಕಲಿತದ್ದು ಇಷ್ಟು.

ಸೋಮವಾರ ಪುಸ್ತಕ ಒಯ್ದು ಬೆಂಚಿನ ಮೇಲಿಟ್ಟು, "ಇದನ್ನು ಎರಡು ಮಾಡಿ ಸಾಹೇಬ್ರೇ" ಎಂದೆ.

ಅವರು ಕತ್ತರಿಸುವ ಯಂತ್ರದ ಕಡೆ ನೋಡಲೂ ಇಲ್ಲ. "ಕತ್ತರಿಸಲು ಒಂದು ನಿಮಿಷ. ಇದರಲ್ಲಿ ಎಂತ ಉಂಟು? ಮೊದಲು ಅದು."

ನಾನು ಶುರು ಮಾಡಿದೆ. ತಮ್ಮನಿಗೆ ನನ್ನದೇ ಸ್ವರ. ಖಾಲಿ ಗುಳ್ಳೆಯ ಹಿಂದಿನ ಚಿತ್ರದಲ್ಲಿ ಅಣ್ಣನಿಗೆ ಗಂಟಲಿನಿಂದ ಒಡಕು ಗದರಿಕೆ: 'ನಿಲ್ಲು ಅಲ್ಲೇ! ಮುಂದೆ ಬರಬೇಡ!' ಸಾಹೇಬರ ಹೆಬ್ಬೆರಳಿನಿಂದ ಹುರುಪೆ ಬಿತ್ತು.

"ಇದು ಯಾರ ಸ್ವರ?"

"ನನ್ನ ಅಣ್ಣನದ್ದು. ಕಂಡಕ್ಟರ್."

"ಮನೆಯಲ್ಲೂ ಹೀಗೇ ಮಾತಾಡ್ತಾನಾ ಅವನು?"

ಮನೆಯಲ್ಲಿ ಅಣ್ಣ ಮಾತಾಡುವುದೇ ಅಪರೂಪ. ಹೇಗೆ ಮಾತಾಡುತ್ತಾನೆ? ನೆನಪಾಗಲಿಲ್ಲ.

"ಹಾಗಾದರೆ ನೀನು ಮಾಡುವುದು ಬಸ್ಸಿನ ಸ್ವರ" ಎಂದರು ಸಾಹೇಬರು. "ನಿನಗೆ ಅಣ್ಣನ ಸ್ವರ ಬರುವುದಿಲ್ಲ."

ಊರಿಡೀ ಮೆಚ್ಚಿದ ಐಟಂ ಅದು! ಸಿಟ್ಟು ಬಂತು. ಆದರೆ ಅವರು ಆಗಲೇ ಪುಟಕ್ಕೆ ಬಗ್ಗಿದ್ದರು. ದೋಣಿಯ ಹೊಟ್ಟೆಯ ಉದ್ದಕ್ಕೂ ಎಳೆದ ಒಂದು ತೆಳ್ಳಗಿನ ಗೆರೆಯ ಮೇಲೆ ನೀಲಿ ಬೆರಳು ಇಟ್ಟರು.

"ಇದು ಎಂತ?"

"ನೆರಳು."

"ನೆರಳಲ್ಲ ಮಾರಾಯ. ದೋಣಿಯನ್ನು ನೀರಿಗೆ ಇಳಿಸಿ ನೋಡಿದ್ದಾರೆ ಇವರು. ನೀರು ನಿಂತ ಗೆರೆ ಇದು. ಈಗ ಕೊಡಲಿ ಬಿದ್ದದ್ದು ಎಲ್ಲಿ, ನೋಡು."

ನೋಡಿದೆ. ತೂತು ಗೆರೆಗಿಂತ ಒಂದು ಗೇಣು ಮೇಲೆ ಇತ್ತು.

"ನನ್ನ ಅಪ್ಪ ಕಾಪುವಿನಲ್ಲಿ ದೋಣಿಯ ಹಲಗೆ ಹೊಲಿಯುತ್ತಿದ್ದರು, ತೆಂಗಿನ ಹುರಿಯಿಂದ. ದೋಣಿ ಕೊಲ್ಲಬೇಕೆಂದವನು ಕೆಳಗೆ ಹೊಡೀತಾನೆ, ಅಡಿಮರಕ್ಕೆ. ಇವನು ಮೇಲೆ ಹೊಡೆದಿದ್ದಾನೆ. ಒಂದು ಹಲಗೆ ಬದಲಿಸಿದರೆ ಆಯ್ತು, ಎರಡು ದಿನದ ಕೆಲಸ. ಅಷ್ಟರಲ್ಲಿ ಹಡಗು ಹೊರಟಿರುತ್ತದೆ." ಕನ್ನಡಕ ತೆಗೆದು ಒರೆಸಿಕೊಂಡರು. "ಇವನು ದೇವರೂ ಅಲ್ಲ, ದುಷ್ಟನೂ ಅಲ್ಲ. ಹೋಗಬೇಡ ಎಂದು ಹೇಳಲು ಬಾರದವನು. ಕೊಡಲಿಯಲ್ಲಿ ಹೇಳಿದ, ಅಷ್ಟೆ."

ಏಳು ಜನ, ಭೂತಗನ್ನಡಿ ಹಿಡಿದು ಕೂದಲೆಳೆ ಎಣಿಸಿದವರು, ಪ್ರಪಂಚದ ಅಷ್ಟೂ ಅಭಿಮಾನಿಗಳ ವಾದ ಓದಿದವರು, ಯಾರಿಗೂ ಕಾಣದ್ದು! ಅಲ್ಲಿಂದಲೇ ಮೇಡಂಗೆ ಫೋನು ಮಾಡಿ ಕಿರುಚಿದೆ. ಯಾರ ಸ್ವರದಲ್ಲಿ ಕಿರುಚಿದೆನೋ ಗೊತ್ತಿಲ್ಲ, ಬಹುಶಃ ಜೀವನದಲ್ಲಿ ಮೊದಲ ಸಲ ನನ್ನದೇ. "ಪಾಲು ನಿಲ್ಲಿಸಿ ಮೇಡಂ! ತೂತು ನೀರಿನ ಗೆರೆಗಿಂತ ಮೇಲೆ ಉಂಟು!"

ಫೋನು ಇಟ್ಟು ನೋಡಿದರೆ, ಮುರಿದ ಪುಟದ ಸಂದಿಯಿಂದ ಕೆಳಗೆ ಬಿದ್ದಿದ್ದ ಒಂದು ಬಸ್ ಟಿಕೆಟನ್ನು ಸಾಹೇಬರು ಹೆಕ್ಕಿ ಬೆಳಕಿಗೆ ಹಿಡಿದಿದ್ದರು.

"ಎಸೆಯಿರಿ ಅದನ್ನು. ಮೇಡಂ ಇಡುವುದು" ಎಂದೆ.

"ಪುಸ್ತಕ ಕಾರ್ಕಳಕ್ಕೆ ಒಯ್ಯುವುದು ಯಾರು?"

"ಅಣ್ಣ."

"ಹ್ಞಾ" ಎಂದರು. ಟಿಕೆಟನ್ನು ಅದೇ ಪುಟದಲ್ಲಿ ಜೋಪಾನವಾಗಿ ಇಟ್ಟರು. "ಯಾರದೋ ಗುರುತು. ನಾವು ತೆಗೆಯಬಾರದು."

ನನಗೆ ಅವಸರ, ಗಮನಿಸಲಿಲ್ಲ. ಆ ವಾರವಿಡೀ ನಾನು ಮಾಡಿದ ಕೆಲಸ ಒಂದೇ: ಮನೆಯಲ್ಲಿ ಅಣ್ಣನಿಗೆ ಕಿವಿಕೊಟ್ಟದ್ದು. ಮಿಮಿಕ್ರಿಯವನ ಹೊಟ್ಟೆಯುರಿ, ಬೇರೇನಲ್ಲ ಎಂದುಕೊಂಡಿದ್ದೆ. 'ಊಟ ಆಯ್ತಾ' ಎನ್ನುವ ಮೊದಲು ಅವನು ಒಮ್ಮೆ ಉಸಿರು ತೆಗೆದುಕೊಂಡು, ಏನೋ ಒಂದನ್ನು ನುಂಗಿ, ಆಮೇಲೆ ಮೆತ್ತಗೆ ಕೇಳುತ್ತಿದ್ದ. ನುಂಗುವಾಗ ಗಂಟಲಲ್ಲಿ ಸಣ್ಣದೊಂದು ಸದ್ದು. ಇಷ್ಟು ವರ್ಷ ನನಗೆ ಬರೀ ಮೂರನೆಯ ಭಾಗ ಕೇಳಿಸಿತ್ತು.

ಶನಿವಾರ ಪರ್ಕಳದ ರೂಮಿನಲ್ಲಿ ಉಳಿದ ಆರೂ ಜನರ ಎದುರು ಆ ಪುಟ ಆಡಿದೆ. ಪುಸ್ತಕ ಸಾಹೇಬರ ಬಳಿ ಇತ್ತು, ಪುಟದ ಚಿತ್ರ ನನ್ನ ಫೋನಿನಲ್ಲಿತ್ತು. ತಮ್ಮ "ಯಾಕೆ?" ಎಂದ. ಖಾಲಿ ಗುಳ್ಳೆ ಬಂತು. ನಾನು ಉಸಿರು ತೆಗೆದುಕೊಂಡು, ಗಂಟಲಲ್ಲಿ ಆ ಸದ್ದು ಮಾಡಿ, ನುಂಗಿ, ಸುಮ್ಮನಾದೆ.

ಯಾರೂ ಚಪ್ಪಾಳೆ ತಟ್ಟಲಿಲ್ಲ. ಮೇಡಂ, "ಇದು ಎಲ್ಲಿಂದ ಕಲಿತದ್ದು ಮಾರಾಯ್ರೇ?" ಎಂದರು. ಆಮೇಲೆ ಎದ್ದ ಗಲಾಟೆ! ತೂತನ್ನು ಅಳೆದರು, ಹಲಗೆ ಎಣಿಸಿದರು, ಒಬ್ಬ ಮಲ್ಪೆಯ ಮಾವನಿಗೆ ವಿಡಿಯೊ ಕಾಲ್ ಮಾಡಿ ದೋಣಿ ತೋರಿಸಿದ. "ಎರಡು ದಿನ ಬೇಡ, ಒಂದೂವರೆ ಸಾಕು" ಎಂದರು ಮಾವ. ಪಾಲಿನ ವಿಷಯ ಎತ್ತಲು ಯಾರಿಗೂ ನೆನಪೇ ಇರಲಿಲ್ಲ.

ಪುಸ್ತಕ ತರಲು ಹೋದಾಗ ಅದು ಒಂದೇ ಆಗಿತ್ತು. ಕಪ್ಪು ಕ್ಯಾಲಿಕೋ ಬಟ್ಟೆಯ ಬೆನ್ನು, ದಪ್ಪ ದಾರದ ಹೊಲಿಗೆ, ಮುಖಪುಟ ಸರಿಯಾಗಿ ಬಲಕ್ಕೆ. "ಎರಡು ಮಾಡಲು ಹೇಳಿದ್ದೆಯಲ್ಲ" ಎಂದರು ಸಾಹೇಬರು ಮುಖ ಗಂಟುಹಾಕಿಕೊಂಡು, "ನನ್ನ ಕೈ ಕೇಳಲಿಲ್ಲ. ಇನ್ನು ಇದನ್ನು ಪಾಲು ಮಾಡಬೇಕಾದರೆ ಕೊಡಲಿಯೇ ಬೇಕು." ಅವರು ಮಾಡಿದ ಒಂದೇ ಜೋಕು ಅದು. ನಾನು ನಗಬೇಕಾದ ಕಡೆ ನಗಲಿಲ್ಲ.

ಕೆಲವು ತಿಂಗಳಲ್ಲಿ ಕೊನೆಯ ಸಂಪುಟ ಬಂತು. ಅಣ್ಣ ಯಾಕೆ ಹಾಗೆ ಮಾಡಿದ ಎಂದು ಅದರಲ್ಲೂ ಬರೆದಿರಲಿಲ್ಲ. ಆದರೆ ಕೊನೆಯ ಚಿತ್ರದಲ್ಲಿ ತಮ್ಮ ಅದೇ ದೋಣಿಯಲ್ಲಿ ಅಣ್ಣನನ್ನು ಹುಡುಕಿ ಹೊರಟಿದ್ದ, ಕಪ್ಪು ದೋಣಿಗೆ ಬಿಳಿಯ ಒಂದು ಹೊಸ ಹಲಗೆ! ಓಡಿಹೋಗಿ ತೋರಿಸಿದೆ. ಸಾಹೇಬರು ಬೆರಳಿಟ್ಟು ನೋಡಿ, "ಹೊಲಿಗೆ ಚೆನ್ನಾಗಿ ಬಂದಿದೆ" ಎಂದರು. ಆವತ್ತು ಹುರುಪೆ ಬೀಳಲಿಲ್ಲ.

ಇಷ್ಟರಲ್ಲಿ ಸಾಹೇಬರ ಬಗ್ಗೆಯೂ ನಾನು ಒಂದು ಸಿದ್ಧಾಂತ ಕಟ್ಟಿದ್ದೆ. ಅಭಿಮಾನಿಯ ಬುದ್ಧಿ ಬಿಡುತ್ತದೆಯೇ? ಬ್ರದರ್ಸ್ ಎಂಬ ಬೋರ್ಡು, ಎರಡನೆಯ ಸ್ಟೂಲು, ಎರಡನೆಯ ಏಪ್ರನ್ನು, ಎರಡನೆಯ ಗ್ಲಾಸು. ಸುಳಿವು ನಾಲ್ಕು. ಸಾಹೇಬರಿಗೆ ಒಬ್ಬ ತಮ್ಮನಿದ್ದ. ಗಲ್ಫಿಗೆ ಹೋಗುತ್ತೇನೆಂದ. ಇವರು ಹೋಗಬೇಡ ಎನ್ನಲು ಬಾರದೆ ಏನೋ ಮಾಡಿದರು. ತಮ್ಮ ಮರಳಲಿಲ್ಲ. ಮೇಡಂಗೆ ಹೇಳಿದಾಗ ಅವರ ಕಣ್ಣು ತುಂಬಿತು. ನನ್ನ ಕಣ್ಣೂ, ನನ್ನದೇ ಕಥೆಗೆ.

ಕಳೆದ ವರ್ಷ ಒಂದು ಬೆಳಿಗ್ಗೆ ಅಂಗಡಿ ತೆರೆಯಲಿಲ್ಲ. ಹಿಂದಿನ ದಿನ ಇಳಿಹೊತ್ತಿನ ಅಸರ್ ನಮಾಜಿನ ಹೊತ್ತಿಗೆ ಮನೆಯಲ್ಲಿ ಎದೆನೋವು ಬಂದು ತೀರಿಕೊಂಡಿದ್ದರು. ಮೇಡಂ ಮತ್ತು ನಾನು ಕಾಪುವಿಗೆ ಹೋದೆವು. ಮಗಳು ಬಾಗಿಲಿಗೆ ಬಂದು, "ಕಥೆ ಹೇಳುವ ಹುಡುಗ ನೀವಲ್ವಾ? ಅಪ್ಪ ದಿನಾ ಮನೆಗೆ ಬಂದು ನಮಗೆ ಹೇಳುತ್ತಿದ್ದರು" ಎಂದರು. ನಾನು ತಡೆಯಲಾರದೆ ಕೇಳಿದೆ: "ಅವರ ತಮ್ಮನಿಗೆ ತಿಳಿಸಿದಿರಾ?"

"ಯಾವ ತಮ್ಮ?"

"ಅಂಗಡಿಯ ಬೋರ್ಡಿನಲ್ಲಿ..."

ಆ ಮನೆಯಲ್ಲಿ, ಆ ದುಃಖದಲ್ಲಿ, ಮಗಳು ನಕ್ಕುಬಿಟ್ಟರು. "ಅಪ್ಪನಿಗೆ ಅಣ್ಣನೂ ಇಲ್ಲ, ತಮ್ಮನೂ ಇಲ್ಲ. ಆರು ಜನ ಅಕ್ಕತಂಗಿಯರು. ಒಬ್ಬನೇ ಎಂದು ಗೊತ್ತಾದರೆ ಜನ ಅರ್ಜೆಂಟ್ ಕೆಲಸ ಕೊಡುವುದಿಲ್ಲ ಅಂತ ಬ್ರದರ್ಸ್ ಎಂದು ಹಾಕಿಸಿದ್ದು."

ಸ್ಟೂಲು, ಗ್ಲಾಸು? "ಬಂದವರು ಕೂರಬೇಡವಾ? ಕುಡಿಯಬೇಡವಾ?" ಏಪ್ರನ್ನು? "ಒಂದು ಒಗೆಯಲು."

ನಾಲ್ಕೂ ಸುಳಿವು ಒಂದೇ ಏಟಿಗೆ ಮುಳುಗಿದವು. ಎಲ್ಲ ನೀರಿನ ಗೆರೆಗಿಂತ ಕೆಳಗೆ. ಅಣ್ಣನಿರುವ ನಾನು ಅಣ್ಣನನ್ನು ತಪ್ಪಾಗಿ ಓದಿದ್ದೆ. ಒಬ್ಬ ಸೋದರನೂ ಇಲ್ಲದವರು, ಬರೀ ಚಿತ್ರ ನೋಡಿ, ಸರಿಯಾಗಿ ಓದಿದ್ದರು.

ಮೇಡಂ ಕಾಪುವಿನಿಂದಲೇ ಪಡುಬಿದ್ರಿಯ ದಾರಿಯಾಗಿ ಕಾರ್ಕಳಕ್ಕೆ ಹೋದರು. ನಾನು ಉಡುಪಿಗೆ ಬಂದು, ಏನು ಮಾಡಬೇಕೆಂದು ತೋಚದೆ, ಅಣ್ಣನ ಬಸ್ಸು ಹತ್ತಿದೆ. ಕೈಯಲ್ಲಿ ಏಳನೆಯ ಸಂಪುಟ ಇತ್ತು. ಪರ್ಕಳದ ಇಳಿಜಾರು ಕಳೆದ ಮೇಲೆ ಬಸ್ಸು ಖಾಲಿಯಾಯಿತು. ಅಣ್ಣ ನನ್ನ ಪಕ್ಕದ ಸೀಟಿನಲ್ಲಿ ಕುಳಿತ. ಸಾಹೇಬರು ಹೋದದ್ದನ್ನು ಹೇಳಿದೆ. ಅವನು ಉಸಿರು ತೆಗೆದುಕೊಂಡ, ನುಂಗಿದ. ನನ್ನ ಕೈಯಿಂದ ಪುಸ್ತಕ ತೆಗೆದುಕೊಂಡು ಕಪ್ಪು ಬೆನ್ನಿನ ಮೇಲೆ ಹೆಬ್ಬೆರಳು ಸವರಿದ.

ಆಮೇಲೆ ಅದನ್ನು ತೆರೆದ. ಬಲಗಡೆಯಿಂದ. ಯಾರೂ ಹೇಳಿಕೊಡದೆ, ಹುಡುಕದೆ, ನೇರ ಆ ಪುಟಕ್ಕೆ. ಅಲ್ಲಿದ್ದ ಹಳೆಯ ಟಿಕೆಟನ್ನು ತೆಗೆದು ಜೇಬಿಗೆ ಹಾಕಿಕೊಂಡು, ತನ್ನ ಮೆಷಿನ್ನಿನಿಂದ ಹೊಸದೊಂದನ್ನು ಹರಿದು ಆ ಜಾಗದಲ್ಲಿ ಇಟ್ಟ.